ಹಳ್ಳು ಆರಿಸೋ ಹೊತ್ತು

ನಾ ಟೀಚರಲ್ಲ.
ಶಹಾಬಾದಿನ ಸಾಲಿಯಾಗ ಬಿಸಿಯೂಟದಾಕಿ, ಕಾಶಮ್ಮ.
ಮಕ್ಕಳ ತಲಿ ಮೇಡಂದೇರಿಗೆ,
ಹೊಟ್ಟಿ ಮಾತ್ರ ನನಗ ಬಿಟ್ಟಾರ.

ಅದಕ್ಕ ಯಾವ ಕೂಸಿಗೆ ಹೊಟ್ಟಿ ನೋಯ್ತದೋ
ಅಡುಗಿ ಖೋಲಿಗೆ ಕಳಸ್ತಾರ:
"ಕಾಶಮ್ಮಾ, ಇವಂಗ ತುಸು ಅಜವಾನ ತಿನಸು."

ಮೂರನೇತ್ತ ಸೈಬಣ್ಣ ಬರ್ತಿದ್ದ.
ಬುಧವಾರ ಹುಷಾರು, ಐತವಾರ ಓಣಿ ತುಂಬ ಓಡಾಟ,
ಮಂಗಳವಾರ ಮುಂಜಾನಿ ಹತ್ತೂವರಿಗೆ
ಹೊಕ್ಕಳ ಹಿಡಕೊಂಡು ಬಾಗಿಲಾಗ.
ಒಂದು ವಾರ ಅಜವಾನ, ಒಂದು ವಾರ ಬಿಸಿನೀರು,
ಮೂರನೇ ವಾರ ನಾ ಡಬ್ಬಿ ತೆಗೀಲಿಲ್ಲ.
ಹೊಟ್ಟಿಗೆ ವಾರ ಗೊತ್ತಿರ್ತದೇನು?

ಮಂಗಳವಾರ ಮಗ್ಗಿ ಒಪ್ಪಿಸೋದಂತ
ಆಮ್ಯಾಲ ತಿಳೀತು.

ಅಂಗಿ ಗುಂಡಿ ಹಾರಲಾಕತ್ತಿತ್ತು,
ಒಳಗೊಂದು ಗುಬ್ಬಿ ಸಿಕ್ಕೊಂಡಂಗ.
ಫರಸಿ ಮ್ಯಾಲ ಬರಿಗಾಲು ಊರಿಸಿ ಕುಂದ್ರಿಸಿದೆ.
"ತಣ್ಣಗದೇನು?"
"ಹ್ಞೂಂ."
"ಎಷ್ಟು ತಣ್ಣಗ?"
ಅಂಗಾಲಿಂದ ವಿಚಾರ ಮಾಡಿ ಹೇಳಿದ:
"ಗಡಿಗಿ ನೀರಿನಷ್ಟು."
ಮತ್ತೇನೂ ಕೇಳಲಿಲ್ಲ.
ತೊಗರಿಬ್ಯಾಳಿ ಮೊರದಾಗ ಸುರುವಿ ನಡುವ ಇಟ್ಟೆ.

ಬ್ಯಾಳಿ ಆರಿಸೋ ಹೊತ್ತಿನ್ಯಾಗ
ಒಬ್ಬರ ಮಕಾ ಒಬ್ಬರು ನೋಡಬೇಕಂತಿಲ್ಲ.
ಮಾತಿಗೆ ಅದ ಬೇಕಾಗಿರ್ತದ.

ಮೊದಲನೇ ಹಳ್ಳು ಸಿಕ್ತು.
"ಇದಕ್ಕೊಂದು ಹೆಸರಿಡು" ಅಂದೆ, ಸುಮ್ಮ ಆಟಕ್ಕ.
ತಿರುಗಿಸಿ ಮುರುಗಿಸಿ ನೋಡಿ "ಏಳೆಂಟ್ಲೆ" ಅಂದ.
ಎರಡನೇದು, "ಜುಬೇದಾ ನಗೋದು."
ಮೂರನೇದಕ್ಕ ಬಾಯಿ ತೆರೀಲಿಲ್ಲ.
ಬೆರಳಾಗ ಹಿಡಕೊಂಡೇ ಕುಂತ.
ಕಡೀಗೆ, ಮೊರಕ್ಕ ಹೇಳಿದಂಗ:
"ಅಪ್ಪಂದು ಬಲಗೈ ಬಟ್ಟು.
ಕಲ್ಲಿನ ಪಾಲಿಶ್ ಮಷೀನಿನಾಗ ಹೋಗ್ಯದ.
ಇನ್ನೊಂದೂ ಹೋಗ್ತದೇನ್ರಿ?"

ಹೋಗೂದಿಲ್ಲ ಅನ್ನಬೇಕಂತ ತುದಿನಾಲಿಗಿಗೆ ಬಂದಿತ್ತು.
"ನನಗೂ ಗೊತ್ತಿಲ್ಲಪ್ಪ" ಅಂದೆ.
"ಇದು ಖರೇನ ಹಳ್ಳು. ನುಂಗಬ್ಯಾಡ.
ನನ್ನ ಕೈಯಾಗ ಕೊಡು, ನಾ ಇಟಗೊಂಡಿರ್ತೀನಿ."

ನಾಲ್ಕನೇದು ಗುಂಡಗ, ಮಣ್ಣಿನ ಬಣ್ಣ.
ಎತ್ತಿ ಬಿಸಾಡಲಾಕ ಹೋದ.
"ತಡಿ. ಫರಸಿ ಮ್ಯಾಲಿಟ್ಟು
ಲೋಟದ ಬುಡಲೆ ಒಂದೇಟು ಹಾಕು."
ಟಕ್ ಅಂತು. ಎರಡು ಹೋಳು, ಒಳಗ ಹಳದಿ.
ಗಿರಣಿಯಾಗ ತಪ್ಪಿಸಿಕೊಂಡು ಬಂದ ಇಡೀ ತೊಗರಿಕಾಳು!
ಅವತ್ತೇ ಅವನ ಹಲ್ಲು ಕಂಡಿದ್ದು ನಾನು,
ಮುಂದಿನದೊಂದು ಬಿದ್ದಿತ್ತು.
ಆಮ್ಯಾಲ ಸಿಕ್ಕಿದ್ದಕ್ಕೆಲ್ಲ ಲೋಟ.
ಜುಬೇದಾನ ನಗು ಕಾಳಾಗಿ ಒಡೀತು.
ಏಳೆಂಟ್ಲೆ ಒಡೀಲಿಲ್ಲ. ಅದು ಹಳ್ಳೇ. ಇರಲಿ,
ಐವತ್ತಾರು ಸಲ ಅಂದ್ರ ಸವೀತದ.

ಗಂಟಿ ಹೊಡೀತು. "ಹೊಟ್ಟಿ?" ಅಂದೆ.
"ಇನ್ನಾ ತುಸು ಅದ."
"ತುಸು ಇದ್ರ ನಡೀತದ. ನನಗೂ ಇರ್ತದ,
ನೂರಾ ಎಂಬತ್ತು ಮಕ್ಕಳ ಸಾರಿಗೆ ಉಪ್ಪು ಹಾಕೋ ಹೊತ್ತಿಗೆ."
ನಂಬಲಿಲ್ಲ. ನನ್ನ ಹೊಟ್ಟೀನ ನೋಡಿದ,
ಬಾಗಿಲ ದಾಟಿ ಹೊಳ್ಳಿ ಮತ್ತೊಮ್ಮೆ ನೋಡಿದ.

ಮುಂದಿನ ಮಂಗಳವಾರ ಬರಲಿಲ್ಲ.
ಅದರ ಮುಂದಿಂದಕ್ಕ ಬಂದ.
ಕೈ ಹೊಕ್ಕಳ ಮ್ಯಾಲ ಇರಲಿಲ್ಲ,
ಜುಬೇದಾನ ಮಣಿಕಟ್ಟು ಹಿಡಿದಿತ್ತು.
"ಇಕಿಗೂ ಬಂದದರಿ" ಅಂದ.
ನಗೋ ಹುಡುಗಿ. ತುಟಿ ಬಿಳಚಿತ್ತು.
ಮೊರ ಅವನೇ ಎಳೆದ, ಲೋಟ ಅವನೇ ತಂದ,
"ಮೊದಲು ಕಾಲು ಊರು" ಅಂದ, ದೊಡ್ಡಾಂವನಂಗ,
"ಎಷ್ಟು ತಣ್ಣಗದ ಹೇಳು."

ಅವತ್ತು ಸಾರು ತಡಾ ಆಯ್ತು.
ಬೈಸಿಕೊಂಡೆ. ಬ್ಯಾಳಿಯಾಗ ಒಂದೂ ಹಳ್ಳಿರಲಿಲ್ಲ
ಅಂತ ಯಾರೂ ಅನ್ನಲಿಲ್ಲ.

ಮೂರನೇ ಹಳ್ಳು ನನ್ನ ಕಡೇನ ಅದ,
ಅಜವಾನ ಡಬ್ಬಿಯಾಗ.
ಎಲ್ಲಿ ಸಾರಿನಾಗ ಬಿದ್ದೀತೋ ಅಂತ
ದಿನಾ ಒಮ್ಮೆ ಮುಚ್ಚಳ ತೆಗೆದು ನೋಡ್ತೀನಿ.