ಎರಡು ಸೂಜಿ

ಪಾರ್ವತಿನಗರದ ಆ ದೊಡ್ಡ ಮನೆಯಲ್ಲಿ
ಈಗ ಒಂದೇ ಕೋಣೆಗೆ ಏಸಿ.
ಹೈಮಾವತಮ್ಮ ಬೀರುವಿನಿಂದ ತೆಗೆದರು
ಹಾಲುಬಣ್ಣದ ಬಟ್ಟೆಚೀಲ, ಅದರೊಳಗೆ ಬ್ಯಾಗು,
ಮಲಗಿದ ಕೂಸನ್ನು ಎತ್ತುವಂತೆ
ಕತ್ತಿನಡಿ ಕೈಯಿಟ್ಟು.

"ಪ್ಯಾರಿಸ್ಸಿಂದು. ಅದಿರು ಲಾರಿ
ಹಗಲೂ ರಾತ್ರಿ ಓಡುತ್ತಿದ್ದ ವರ್ಷ ತಂದದ್ದು.
ಹಿಡಿದದ್ದು ಎರಡೇ ಮದುವೆಗೆ."
ಬಿಲ್ಲೂ ಕೊಟ್ಟರು. ಬಿಲ್ಲು ಇತ್ತು,
ಅಕ್ಷರ ಇರಲಿಲ್ಲ.
ಬಳ್ಳಾರಿಯ ಹದಿನಾಲ್ಕು ಬೇಸಿಗೆ
ಎಲ್ಲಾ ಕುಡಿದುಬಿಟ್ಟಿತ್ತು.

ನನ್ನ ಹತ್ತಿರ ಇದ್ದದ್ದು
ಆಸ್ಪತ್ರೆಯ ರಾತ್ರಿಪಾಳಿಯ ಭತ್ಯೆ, ಮೂರು ವರ್ಷದ್ದು,
ಗ್ಲೌಸಿನ ಖಾಲಿ ಡಬ್ಬಿಯಲ್ಲಿ.
ಅರ್ಧ ಕೊಟ್ಟು, "ತೋರಿಸಿಕೊಂಡು ಬರ್ತೀನಿ" ಅಂದೆ.
ಯಾರಿಗೆ ಎಂದು ಅವರು ಕೇಳಲಿಲ್ಲ.
ಕೇಳದಿರುವುದನ್ನು ಆ ಮನೆ ಚೆನ್ನಾಗಿ ಕಲಿತಿತ್ತು.

ಕೌಲ್ ಬಜಾರಿನ ಗಲ್ಲಿ,
ನಲವತ್ತು ಮಿಷಿನ್ನು ಒಟ್ಟಿಗೆ ಕೂಗುವ ಮಾಳಿಗೆ.
ಅಲ್ಲಿ ಹಾಜಿರಾಬಿ,
ಇಪ್ಪತ್ತೆರಡು ವರ್ಷದಿಂದ ಜೀನ್ಸಿನ ಸೊಂಟಕ್ಕೆ
ದೊಡ್ಡ ದೊಡ್ಡ ಹೆಸರು ಹೊಲಿಯುವವಳು.
ಇಟಲಿ, ಅಮೆರಿಕ ಅವಳ ಬಲಗಡೆಯ ಬುಟ್ಟಿಯಲ್ಲಿ
ಕಿಲೋ ಲೆಕ್ಕದಲ್ಲಿ ಬಿದ್ದಿರುತ್ತವೆ.
ಅವಳ ಉಗುರಿನ ಬುಡದ ನೀಲಿ ಹೋಗುವುದೇ ಇಲ್ಲ.
ಹೆರಿಗೆ ವಾರ್ಡಿನಲ್ಲಿ ಮೊದಲ ಸಲ ನೋಡಿದಾಗ
ಆಕ್ಸಿಜನ್ ಇಳಿದಿದೆಯೆಂದು ಹೆದರಿ
ಡಾಕ್ಟರನ್ನು ಎಬ್ಬಿಸಿದ್ದೆ.

ಮಿಷಿನ್ನು ನಿಲ್ಲಿಸಿದಳು. ಹೆಸರನ್ನು ನೋಡಲಿಲ್ಲ.
"ಹೆಸರು ಯಾರು ಬೇಕಾದ್ರೂ ಹೊಲಿತಾರಮ್ಮ."
ಬ್ಯಾಗನ್ನು ತಲೆಕೆಳಗು ಮಾಡಿ, ತಳದ ಮೂಲೆಗೆ
ಉಗುರಿಟ್ಟು ಎಣಿಸಿದಳು: ಇಂಚಿಗೆ ಎಂಟು,
ಮುಂದಿನ ಇಂಚಿಗೂ ಎಂಟು, ತಿರುವಿನಲ್ಲೂ ಎಂಟು.
ಝಿಪ್ಪಿನ ಹಲ್ಲಿಗೆ ಕಿವಿ ಹಚ್ಚಿದಳು.
ಹಿಡಿಕೆಯನ್ನು ಮೂಸಿದಳು,
ಮಾವಿನಹಣ್ಣನ್ನು ತೊಟ್ಟಿನ ಕಡೆ ಮೂಸುವಂತೆ.

"ನೋಡಿಲ್ಲಿ, ಹೊಲಿಗೆ ಓರೆ ಬಿದ್ದೈತೆ.
ಮಿಷಿನ್ನು ಹಿಂಗೆ ಬೀಳ್ಸಲ್ಲ. ಕೈಕೆಲಸ.
ಒಂದು ದಾರ, ಎರಡು ಸೂಜಿ,
ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು,
ಒಂದೇ ತೂತಿನಾಗೆ.
ನಮ್ದು ಒಂದು ಕಡೆ ಕಡಿದ್ರೆ ಸರ್ರಂತ ಬಿಚ್ಕೊಂತದೆ.
ಇದು ಈ ಕಡೆ ಕಡಿದ್ರೂ ಆ ಕಡೆ ಹಿಡ್ಕೊಂಡಿರ್ತದೆ."

"ಹಂಗಾದ್ರೆ ಅಸಲಿನಾ?"
"ನಕಲಿ ಹೊಲಿಯೋಳು ನಾನು. ಇದು ನನ್ನದಲ್ಲ."

ಅಸ್ತರು ಹೊರಗೆಳೆದಾಗ ಮೂಲೆಯಿಂದ ಉದುರಿತು
ಚಿಟಿಕೆ ಕೆಂಪು ಧೂಳು. ಸಂಡೂರಿನದು.
ಅದಕ್ಕೆ ಯಾರ ಸರ್ಟಿಫಿಕೇಟೂ ಬೇಕಿರಲಿಲ್ಲ.
ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.
ಆಮೇಲೆ ಹಳೇ ಪೇಪರು ಹಾಸಿ, "ಒಂದೇ ನಿಮಿಷ" ಎಂದು
ಬ್ಯಾಗಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಳು.
ನಾನು ಕಿಟಕಿಯಾಚೆ ಕೋಟೆಗುಡ್ಡ ನೋಡುತ್ತಾ ನಿಂತೆ.

ಉಳಿದರ್ಧ ಕೊಟ್ಟೆ. ಅವತ್ತೇ ರಾತ್ರಿ ಡ್ಯೂಟಿಗೆ ಒಯ್ದೆ.
ಒಳಗೆ ಚಿತ್ರಾನ್ನದ ಡಬ್ಬಿ, ಸ್ವೆಟರು, ನೀರಿನ ಬಾಟಲಿ.
ಎಮಿಲಿಯಮ್ಮ ಸಿಸ್ಟರು ಹಿಂದೆ ಮುಂದೆ ತಿರುಗಿಸಿ
"ಡುಪ್ಲಿಕೇಟು ಈಗ ಬಲು ಚೆಂದ ಬರ್ತಾವೆ.
ಎಷ್ಟು ಕೊಟ್ಟಿ?"
"ನಾನೂರು" ಅಂದೆ.
"ಮುನ್ನೂರಕ್ಕೆ ಕೊಡ್ತಿದ್ದ, ಹುಚ್ಚಿ."
ಅಷ್ಟೊಂದು ದುಡ್ಡು ಎಣಿಸಿ ಕೊಟ್ಟಾಗ ಆಗದ ಸಂಕಟ
ಆ ನೂರು ರೂಪಾಯಿಗೆ ಆಯಿತು.

ದೀಪಾವಳಿಯ ಹೊತ್ತಿಗೆ
ಬೆಂಗಳೂರು ರೋಡಿನ ಅಂಗಡಿಯೊಂದರ ಮುಂದೆ
ಮೊಳೆಗೆ ತೂಗುತ್ತಿತ್ತು
ಅದೇ ಇಳಿಜಾರು, ಅದೇ ಕತ್ತು.
ಜೀನ್ಸಿನ ಚೂರುಗಳದ್ದು. ಹೆಸರಿಲ್ಲದ್ದು.
ತಲೆಕೆಳಗು ಮಾಡಿ ತಳದ ಮೂಲೆಗೆ ಉಗುರಿಟ್ಟೆ.
ಎಂಟು. ಓರೆ.

"ಏನ್ ಅಷ್ಟು ನೋಡ್ತೀರಿ ಮೇಡಂ,
ಒರಿಜಿನಲ್ಲೇ" ಅಂದ ಹುಡುಗ, ಬೇರೆ ಗಿರಾಕಿಯ ಕಡೆ ತಿರುಗಿ.
ಎಷ್ಟು ಅಂದೆ.
ನಾನೂರು ಅಂದ.
ಕೊಟ್ಟೆ.