ಗೂಟ ಕಿತ್ತು ನೆಡುವುದು

ಸಾನ್ ಹೊಸೆಯಿಂದಾಚೆ, ನೀಲಗಿರಿ ಮರಗಳ ಸಾಲಿನ ಮರೆಗೆ
ಎಂಬತ್ತು ಗೂಟ, ಎಂಬತ್ತು ಕರು.
ತಾಯಂದಿರು ಸತ್ತಿಲ್ಲ. ತಂತಿಬೇಲಿಯ ಆಚೆ
ಕೆಚ್ಚಲು ತುಂಬಿಕೊಂಡು ಮೇಯುತ್ತಿದ್ದಾರೆ.
ಆದರೂ ಉರುಗ್ವೆಯ ಮಾತಿನಲ್ಲಿ
ಇವಕ್ಕೆ ಹೆಸರು ಗ್ವಾಚೊ, ತಬ್ಬಲಿ.
ಸಾಕುವ ನಾನು ಗ್ವಾಚೇರಾ.
ಜುಲ್ಮಾ ಎಚೆಗರಾಯ್ ಎಲ್ಲಿ ಎಂದು ಕೇಳಿದರೆ
ಹಾಲಿನ ಲಾರಿಯವನೂ ತಲೆ ಕೆರೆದುಕೊಳ್ಳುತ್ತಾನೆ.

ಮೇ ತಿಂಗಳು. ತೆಂಕಣ ಗಾಳಿ ಮೂಳೆಗೆ ಹಲ್ಲು ಹಾಕುವ ಹೊತ್ತು.
ಬೆಳಕು ಹರಿಯುವ ಮೊದಲೇ ನಾನು ನೋಡುವುದು
ಮುಖವನ್ನಲ್ಲ, ಬಾಲವನ್ನು.
ಒಣಗಿದ್ದರೆ ದೇವರು ದೊಡ್ಡವನು.
ಒದ್ದೆಯಿದ್ದರೆ ಬಗ್ಗುತ್ತೇನೆ:
ಹಳದಿ ನೀರು, ಹುಳಿ ನಾತ,
ತೊಡೆಗೆ ಅಂಟಿದ, ಸಗಣಿಯಲ್ಲದ ಸಗಣಿ.
ಕತ್ತಿನ ತೊಗಲು ಚಿವುಟಿ ಬಿಟ್ಟು ಎಣಿಸುತ್ತೇನೆ.
ಒಂದು ಅನ್ನುವುದರೊಳಗೆ ಕೂಡಿಕೊಂಡರೆ ಸರಿ;
ಮೂರು, ನಾಲ್ಕು,
ಇಸ್ತ್ರಿ ಕಾಣದ ಅಂಗಿಯ ಮಡಿಕೆಯ ಹಾಗೆ
ನಿಂತೇ ಇದ್ದರೆ
ಕಣ್ಣು ಗೂಡಿಗೆ ಇಳಿದಿದೆಯೇ, ಬಾಯೊಳಗೆ ಬೆಚ್ಚಗಿದೆಯೇ,
ಬೆರಳಿಟ್ಟರೆ ಚೀಪುತ್ತದೆಯೇ.
ಚೀಪಿದರೆ ಅರ್ಧ ಗೆದ್ದಂತೆ.

ಆ ವರ್ಷ ಹನ್ನೊಂದು ದಿನದಲ್ಲಿ ಒಂಬತ್ತು ಹೋದವು.

ಮಾವ ಅಂದ: ಹಾಲು ನಿಲ್ಲಿಸು, ಹೊಟ್ಟೆಗೆ ರಜೆ ಕೊಡು.
ನಲವತ್ತು ವರ್ಷ ದನದ ಹಿಂದೆ ನಡೆದವನ ಮಾತು,
ಎದುರಾಡಲಿಲ್ಲ.
ಒಂದು ಕರು ಭೇದಿಯನ್ನು ಗೆದ್ದು
ಹಸಿವಿಗೆ ಸೋತಿತು.
ಯಜಮಾನ ಪೇಟೆಯಿಂದ ಸೂಜಿಮದ್ದು ತಂದ,
ಬಿಲ್ಲನ್ನು ಗೋಡೆಯ ಮೊಳೆಗೆ ಚುಚ್ಚಿದ.
ಸೂಜಿ ಬಿದ್ದ ಕತ್ತುಗಳೇ
ಮಾರನೆಯ ಬೆಳಿಗ್ಗೆ ಮಣ್ಣಿಗೆ ಒರಗಿದ್ದವು.

ಆಮೇಲೆ ಲೀಬರ್, ನನ್ನ ಕೈಕೆಳಗಿನ ಹುಡುಗ,
ಎರಡು ದಿನ ಬರಲಿಲ್ಲ.
ಏನಾಯ್ತು ಅವನಿಗೆ, ಡಾಕ್ಟರ್ ಎಡಿತ್ ಕೇಳಿದಳು.
ಹೊಟ್ಟೆ, ಅಂದೆ. ಕಕ್ಕಸು ಬಿಟ್ಟು ಎದ್ದಿಲ್ಲ.
ಅವಳು ನಗಲಿಲ್ಲ.
ನನ್ನ ಕೈ ನೋಡಿದಳು. ಕೈಯಲ್ಲಿದ್ದ
ಮಾಟೆ ಕಷಾಯದ ಬುರುಡೆ ನೋಡಿದಳು,
ನಾನೂ ಲೀಬರನೂ ಹೀರುವ ಒಂದೇ ಕೊಳವೆಯನ್ನು.
"ಕಾಯಿಲೆಯ ಕರುವಿಗೆ ಮೊದಲು ಹೋಗುತ್ತೀಯೋ, ಕೊನೆಗೋ?"
ಮೊದಲು. ಪಾಪ, ಅವಕ್ಕಲ್ಲವೇ ಅವಸರ.
"ಆಮೇಲೆ ಅದೇ ಬೂಟು, ಅದೇ ಬಕೆಟ್ಟು, ಅದೇ ಬಾಟಲಿ,
ನಿನ್ನೆ ಹುಟ್ಟಿದವಕ್ಕೆ?"

ಉತ್ತರ ಗಂಟಲಲ್ಲೇ ನಿಂತಿತು.
ಕಣ್ಣಿಗೆ ಕಾಣದ್ದು ಅದು.
ಗೂಟದಿಂದ ಗೂಟಕ್ಕೆ, ಕರುವಿನಿಂದ ಹುಡುಗನಿಗೆ
ನಡೆದು ಹೋಗಲು ಅದಕ್ಕೆ ಕಾಲಿರಲಿಲ್ಲ.
ನನ್ನವನ್ನು ಕೊಟ್ಟಿದ್ದೆ.

ಈಗ ಕರುವಿನ ಮೈ ಒಣಗುವ ಮೊದಲೇ ಗಿಣ್ಣುಹಾಲು,
ನಡುರಾತ್ರಿಯಾದರೂ, ಹಿಮ ಬಿದ್ದರೂ.
ಬೆಳಿಗ್ಗೆ ನೋಡೋಣ ಎಂದರೆ
ಕರುಳು ಬಾಗಿಲು ಹಾಕಿಕೊಂಡಿರುತ್ತದೆ.
ಸುತ್ತಿನ ಹುಲ್ಲು ಕಪ್ಪಾಗುವ ಮುನ್ನ ಗೂಟ ಕಿತ್ತು
ಹತ್ತು ಹೆಜ್ಜೆ ಆಚೆ ನೆಡುತ್ತೇನೆ.
ಎಳೆಯವು ಮೊದಲು. ಕಾಯಿಲೆಯವು ಕೊನೆಗೆ, ಬೇರೆ ಬೂಟಿನಲ್ಲಿ.
ಲೀಬರ್ ಪಾದ್ರಿಯ ಹಾಗೆ ಕೈ ತೊಳೆಯುತ್ತಾನೆ,
ಮಾವ ಅದಕ್ಕೂ ನಗುತ್ತಾನೆ.

ಮೊನ್ನೆ ಇನ್ನೂರ ಹದಿನಾಲ್ಕು ಬಿದ್ದಿತ್ತು.
ಗೋಣಿ ಹೊದಿಸಿ, ತಲೆ ತೊಡೆಯ ಮೇಲಿಟ್ಟುಕೊಂಡು
ಎಡಿತ್ ಬರೆದುಕೊಟ್ಟ ಅಳತೆಯಲ್ಲಿ
ಉಪ್ಪು, ಸಕ್ಕರೆ, ಸೋಡಾ, ಬೆಚ್ಚನೆ ನೀರು,
ಹೊತ್ತು ಬಿಟ್ಟು ಹಾಲು,
ಮತ್ತೆ ನೀರು.
ಟಿಟ್ಟಿಭಗಳು ಕೂಗತೊಡಗುವ ಹೊತ್ತಿಗೆ
ನಾಲಗೆ ಬೆರಳನ್ನು ಸುತ್ತಿಕೊಂಡಿತು,
ಒರಟಾಗಿ, ಉಗುರು ಕಿತ್ತು ಬರುವಂತೆ.
ಬಿಡಿಸಿಕೊಳ್ಳಲು ಮನಸ್ಸಾಗದೆ ಸುಮ್ಮನೆ ಕೂತಿದ್ದೆ.

ಆಮೇಲೆ ಎದ್ದು ಹೋಗಿ ತೊಳೆದುಕೊಂಡೆ,
ಮೊಣಕೈವರೆಗೆ,
ಎರಡು ಸಲ.