ಮೊದಲನೇ ಸುತ್ತು

ಪ್ರತಿ ರೇಸಿನ ಮೊದಲನೇ ಸುತ್ತು ನಂದೇ.
ಯಾರೂ ಗಡಿಯಾರ ಒತ್ತಂಗಿಲ್ಲ, ನಿಶಾನಿ ಬೀಸಂಗಿಲ್ಲ.
ಐದು ಸಾವಿರ ಲೀಟರ್ ಹಿಂದ ಜಗ್ಗಿಕೊಂತ
ಟ್ರ್ಯಾಕ್ಟರು ಬಸುರಿ ಎಮ್ಮಿಯಂಗ ನಡೀತದ,
ತೂತಿನ ಪೈಪು ನೀರಿನ ಮೀಸಿ ಇಳಿಬಿಡತದ,
ನಾನು ಒಂದು ಸುತ್ತು ಹಾಕತೀನಿ.

ಶಹಾಬಾದ ರೋಡಿಗೆ, ಬ್ಯಾಳಿ ಮಿಲ್ಲಿನ ಹಿಂದ
ಹದಿನೆಂಟು ಎಕರೆ ಎರಿ ನೆಲ.
ಅದರ ಸ್ವಭಾವ ನನಗ ಗೊತ್ತದ:
ನೀರು ಕಮ್ಮಿ ಬಿದ್ದರ ಧೂಳಾಗಿ ಮುಂದಿನವನ್ನ ನುಂಗತದ,
ಹೆಚ್ಚು ಬಿದ್ದರ ಹಿಟ್ಟಾಗಿ ಹಿಂದಿನವನ್ನ ಹಿಡಕೋತದ.
ಮ್ಯಾಲ ಮುರುಮು ಹಾಸ್ಯಾರ, ಖರೆ.
ತಳದಾಗ ಕರಿ ಮಣ್ಣು ಎಚ್ಚರ ಇರತದ.
ವಾಲ್ವು ಎರಡು ಬೆರಳಷ್ಟೇ ಬಿಡಬೇಕು.
ಮೂರನೇ ಬೆರಳು ಬಿಟ್ಟ ದಿನ, ಮೊದಲ ವರ್ಷ,
ಬೇವಿನ ತಿರುವಿನಾಗ ಏಳು ಬೈಕು ಬಿದ್ದವು, ಒಂದರ ಮ್ಯಾಲೊಂದು.
ಮೆಕ್ಯಾನಿಕ್ ಇಲಿಯಾಸನ ಹೆಗಲ ಎಲುವು ಮುರೀತು.
ಅವ ಇವತ್ತಿಗೂ ನನಗ ಬೈದಿಲ್ಲ.
ಅದೇ ಬೈಗಳ.

ಆಗ ಹನ್ನೊಂದೇ ಬೈಕು. ಸುಣ್ಣದ ಗೆರಿ, ಹಳೇ ಟೈರು,
ಬಹುಮಾನಕ್ಕ ಒಂದು ಕುಕ್ಕರು.
ಟೈಮ್ ಹಿಡಿದವರು ಪಿ.ಟಿ. ಮಾಸ್ತರ ಗುಂಡೇರಾವ್,
ಖೊಖೊ ಆಟದ ಸ್ಟಾಪ್‌ವಾಚಿನಾಗ.
ಫೈನಲ್ಲಿನಾಗ ಅವರಿಗೆ ಸೀನು ಬಂತು.
ಯಾರು ಗೆದ್ದರಂಬೋದು ಇನ್ನೂ ವಾದದಾಗ ಅದ.

ಈಗ ಐದನೇ ವರ್ಷ.
ಕೊಯಮತ್ತೂರಿಂದ ಲಾರಿ, ಪುಣೆಯಿಂದ ಲಾರಿ,
ಲಾರಿಯೊಳಗ ಎ.ಸಿ., ಎ.ಸಿ.ಯೊಳಗ ಬೈಕು ಮಲಗಿರತಾವ.
ಅವು ಹೊರಗ ಬಂದರ ಕೊಡಿ ಹಿಡಿಯೋ ಹುಡುಗರು ಬ್ಯಾರೆ.
ಮಣ್ಣಾಗ ತಂತಿ ಹೂಳ್ಯಾರ, ಗಾಡಿಗೆ ಉಗುರಿನಷ್ಟು ಚಿಪ್ಪು.
ಗೆರಿ ದಾಟೂದೇ ತಡ, ಪರದೆ ಮ್ಯಾಲ ಹೆಸರು ಜಿಗೀತದ,
ಸೆಕೆಂಡಿನ ಸಾವಿರ ಚೂರು ಮಾಡಿ ಹಂಚತದ.
ಗುಂಡೇರಾವ್ ಸರ್ ನೂರೈವತ್ತು ಕೊಟ್ಟು ಚೀಟಿ ತಗೊಂಡು
ಜಾಳಿಗಿ ಹೊರಗ ನಿಂತಿರತಾರ, ಒಂದು ಕೈ ಕಿಸೆಯೊಳಗ.

ತಾಂಡಾದ ಥಾವರಿ ಮಾತ್ರ ಜಾಳಿಗಿ ಒಳಗ ಅದಾಳ.
ನಸುಕಿನಾಗ ಹಾಲಿನ ಕ್ಯಾನು ಕಟ್ಟಿದ ಅದೇ ಬೈಕು,
ಇಲಿಯಾಸ ರಾತ್ರಿ ಕುಂತು ಕೊರೆದ ಅದೇ ಎಂಜಿನ್ನು.
ಮೈಕಿನವ ಅವಳ ಹೆಸರು ಮೂರು ಸಲ, ಮೂರು ನಮೂನಿ ಮುರದ.
ಆಕಿ ಆರನೇಕಿ ಬಂದಳು. ಪುಣೆಯವರು ಇಬ್ಬರು ಹಿಂದ.
ಹೆಲ್ಮೆಟ್ ತೆಗೆದು ಮೊದಲು ಕೇಳಿದ್ದು:
"ಕಾಕಾ, ಬೇವಿನ ತಿರುವಿಗೆ ನೀರು ಯಾರು ಹೊಡದವರು?"
ನಾನವ್ವ, ಅಂದೆ.
"ಛಂದ ಹೊಡದಿ."
ಐದು ವರ್ಷಕ್ಕ ಒಂದು ಮಾತು. ಸಾಕು.

ಕಡೀ ರೇಸಿಗೆ ಇಲಿಯಾಸ ಏನ ಮಾಡಿದ ಗೊತ್ತೇನು?
ಒಂದು ಚಿಪ್ಪು ಕದ್ದು ನನ್ನ ಟ್ಯಾಂಕರಿನ ಅಡಿ ಅಂಟಿಸಿದ.
ನನಗೇನು ಅರಿವು? ಸುತ್ತು ಮುಗಿಸಿ ಗೆರಿ ದಾಟಿದೆ,
ಜನ ಹೋ ಅಂತ ನಗಲತ್ತರು.
ತಿರುಗಿ ನೋಡಿದರ ಪರದೆ ತುಂಬ ನಾನೇ:
ಹದಿನಾಕು ನಿಮಿಷ, ಏಳು ಸೆಕೆಂಡು, ಇನ್ನೂರಾ ಮೂರು ಚೂರು.
ನಾಚಿಕಿಂದ ಎಂಜಿನ್ ಬಂದ್ ಮಾಡಿದೆ.
ಜಾಳಿಗಿ ಆಚೆ ಗುಂಡೇರಾವ್ ಸರ್
ಕಿಸೆಯಿಂದ ಸ್ಟಾಪ್‌ವಾಚು ತೆಗೆದು ನನಗ ತೋರಿಸಿದರು.
ಹದಿನಾಕು, ಏಳು.
ಇಷ್ಟು ವರ್ಷ ನಂದೂ ಹಿಡಿದಾರೇನು? ಕೇಳಲಿಲ್ಲ.

ಹೊತ್ತು ಮುಳುಗಿತು. ದರ್ಗಾದ ಹಿಂದಿನ ಓಣಿ.
ಕಂಪನಿಯವರು ಒಂದು ಲೋಡಿಗೆ ಹನ್ನೆರಡು ನೂರು ಎಣಿಸತಾರ,
ಇಲ್ಲಿ ನಾಕು ನೂರು, ಅದೂ ಚಿಲ್ಲರ್, ಅದೂ ಜಗಳ.
ಹಂಗಂತ ಮೊದಲು ಅಲ್ಲಿಗೇ ಹೋಗಿರತೀನಿ ನಾನು,
ಇದನ್ನ ಯಾರ ಮುಂದ ಹೇಳಲಿ?
ಕೊಡಗಳು ಸಾಲು ಹಿಡಿದಾವ: ಕೆಂಪು, ಹಳದಿ, ನೀಲಿ,
ಹೆಲ್ಮೆಟ್ ಹಾಕ್ಕೊಂಡು ಕುಂತಂಗ.
ಎಲ್ಲಕ್ಕಿಂತ ಮುಂದ, ನಸುಕಿಗೇ ಕಲ್ಲಿಟ್ಟ ಕಾಶಮ್ಮನ ಕೊಡ.
ಹಾರ್ನು ಹೊಡದೆ. ಇಲ್ಲಿ ಅದೇ ಹಸಿರು ದೀಪ.

ಕಾಶಮ್ಮ ಪೈಪು ಕಸಗೊಂಡಳು:
"ಇಷ್ಟೊತ್ತು ಎಲ್ಲಿ ಸತ್ತಿದ್ದಿ?"
ರೇಸಿನಾಗ ಇದ್ದೆ, ಅಂದೆ.
"ಎಷ್ಟನೇ ನಂಬರ ಬಂದಿ?"
ಕಡೀಗೆ.
"ಕಾಣಸ್ತದ ತೊಗೋ" ಅಂದಳು,
ಕೊಡ ಮುಂದ ಸರಿಸಿದಳು.